ಇಸ್ತ್ರಿ ಕೋಣೆಯಲ್ಲಿ ‘ದಿ’ ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಇಸ್ತ್ರಿ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರು, ಇಬ್ಬರು ಗಂಡಸರು ಗೋಡೆಗೊರಗಿ ನಿಂತಿದ್ದಾರೆ. ಎಲ್ಲರ ಕಣ್ಣೂ ಮೇಜಿನ ಮೇಲಿನ ಟವೆಲ್ ರಾಶಿಯ ಮೇಲೆ. “ಬ್ರಿಂಗ್ ಎ ಟವೆಲ್” ಎನ್ನುತ್ತಾರೆ ಟೀಚರಮ್ಮ. ರೂಮು ಗುಡಿಸುವ ಹೆಂಗಸೊಬ್ಬರು ಕೈಗೆ ಸಿಕ್ಕಿದ್ದನ್ನು ತಂದುಕೊಡುತ್ತಾರೆ. ಟೀಚರಮ್ಮ ಅದನ್ನು ಎಲ್ಲರಿಗೂ ತೋರಿಸಿ, ರಾಶಿಯ ಮೇಲೆ ವಾಪಸ್ ಇಟ್ಟು, “ಬ್ರಿಂಗ್ ದಿ ಟವೆಲ್” ಎನ್ನುತ್ತಾರೆ. ಈ ಸಲ ಸಿಕ್ಕಿದ್ದು ತಂದರೆ ನಡೆಯುವುದಿಲ್ಲ, ಅದೇ ಬೇಕು.

ಆಮೇಲೆ ಇದ್ದಕ್ಕಿದ್ದಂತೆ “ಬ್ರಿಂಗ್ ದಿ ಬಕೆಟ್!” ಹೊಸದಾಗಿ ಸೇರಿದ ವಾಚ್‌ಮನ್ ಎದ್ದೆನೋ ಬಿದ್ದೆನೋ ಎಂದು ಓಡಿ ಕಾರಿಡಾರಿನಿಂದ ಬಕೆಟ್ ತರುತ್ತಾರೆ. ಕೋಣೆಯೆಲ್ಲ ನಗು.

“ಬಕೆಟ್ ಬಗ್ಗೆ ನಾವಿಬ್ರೂ ಯಾವತ್ತು ಮಾತಾಡಿದ್ವಿ ಅಣ್ಣಾ?” ಎಂದು ಟೀಚರಮ್ಮ ಕೇಳುತ್ತಾರೆ. “ಹೇಳೋರಿಗೂ ಗೊತ್ತಿರಬೇಕು, ಕೇಳೋರಿಗೂ ಗೊತ್ತಿರಬೇಕು. ಆಗ ಮಾತ್ರ ದಿ. ಗೊತ್ತಿಲ್ದೇ ಇದ್ರೆ ಯಾವ್ದು ಅಂತ ಕೇಳಿ. ಕೇಳಿದ್ರೆ ಯಾರೂ ತಲೆ ತೆಗೆಯಲ್ಲ.”

ನಮ್ಮ ಭಾಷೆಯಲ್ಲಿ ಇಂಥದ್ದೊಂದು ಪುಟ್ಟ ಪದ ಇಲ್ಲ. ಬೇಕಾದಾಗ ‘ಆ’, ‘ಅದೇ’ ಅನ್ನುತ್ತೇವೆ, ಬೇಡವಾದಾಗ ಸುಮ್ಮನಿರುತ್ತೇವೆ. ಹಾಗಾಗಿ ಇಲ್ಲಿಗೆ ಬರುವವರು ಮೊದಮೊದಲು ‘ದಿ’ಯನ್ನು ಪೂರ್ತಿ ಬಿಟ್ಟುಬಿಡುತ್ತಾರೆ, ಇಲ್ಲವೇ ಪಲ್ಯಕ್ಕೆ ಉಪ್ಪು ಉದುರಿಸಿದ ಹಾಗೆ ಎಲ್ಲ ಕಡೆ ಉದುರಿಸುತ್ತಾರೆ. ಮರ್ಯಾದೆ ಕೊಡುವ ಪದ ಇರಬೇಕು ಎಂದುಕೊಂಡು ಅತಿಥಿಯೊಬ್ಬರ ಹೆಸರಿನ ಮುಂದೆಯೂ ಅದನ್ನು ಸೇರಿಸಿ ಕೂಗಿದವರಿದ್ದಾರೆ. “ಬಾಯಲ್ಲಿ ಕೂಗಿದ್ದಕ್ಕೆ ಬಚಾವ್. ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ರೆ ಪಾಪ, ಬದುಕಿರೋ ಮನುಷ್ಯನ್ನ ದಿವಂಗತ ಮಾಡಿಬಿಡ್ತಿದ್ರು” ಎಂದು ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಸೂರ್ಯ ಒಬ್ಬನೇ, ಅವನಿಗೆ ದಿ. ಈ ಕಟ್ಟಡಕ್ಕೆ ಅಡುಗೆಮನೆ ಒಂದೇ, ಅದಕ್ಕೆ ದಿ. ಮ್ಯಾನೇಜರ್ ಒಬ್ಬರೇ, ಅವರಿಗೂ ದಿ. ಇಷ್ಟು ಹೇಳುವ ಹೊತ್ತಿಗೆ ಪಾತ್ರೆ ತೊಳೆಯುವಾಕೆ ಮೂತಿ ತಿರುವುತ್ತಾರೆ: “ಮ್ಯಾನೇಜರಿಗೆ ದಿ, ನಮಗೆ ಎ. ಇಂಗ್ಲಿಷಲ್ಲೂ ಅದೇ ಹಣೆಬರಹ!”

“ಮನೆಗೆ ಹೋಗು ಮಾರಾಯ್ತಿ. ಅಲ್ಲಿ ನಿನ್ನಂಥೋಳು ಇನ್ನೊಬ್ಬಳಿದ್ದಾಳಾ? ಅಲ್ಲಿ ನೀನೇ ದಿ.” ಎನ್ನುತ್ತಾರೆ ಟೀಚರಮ್ಮ. ಹಾಗೆಂದವರೇ ಟವೆಲ್‌ಗಳನ್ನು ಮಡಚತೊಡಗುತ್ತಾರೆ.

ಇವರೂ ಮೊದಲು ಇದೇ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದವರು. ಬಲಗೈ ಮೇಲೆ ಸುಟ್ಟ ಗುರುತು ಈಗಲೂ ಇದೆ. ಶಾಲೆ ಅರ್ಧಕ್ಕೆ ನಿಂತಿತ್ತು. ಇಂಗ್ಲಿಷಿನ ಹುಚ್ಚು ಹಿಡಿಸಿದ್ದು ಗಂಡ. ಅವರು ಇಲ್ಲಿಯೇ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಲಿಫ್ಟಿನ ಕೈಪಿಡಿಯನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರಂತೆ. ಜೊತೆಯವರಿಗೆ ಹೇಳಿಕೊಡುತ್ತಾ ಹೇಳಿಕೊಡುತ್ತಾ ಅದೇ ಕೆಲಸವಾಯಿತು. ಈಗ ದಿನಕ್ಕೆ ಮೂರು ಪಾಳಿ, ಮೂರು ಪಾಠ.

ಹೋದ ವರ್ಷ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಸುಧಾರಿಸಿದವು, ಮಾತೂ ಮರಳಿತು. ನೆನಪು ಮಾತ್ರ ಮರಳಲಿಲ್ಲ.

ಈ ಪಾಠದ ಬಗ್ಗೆ ಬರೆಯಲು ಬಂದ ನಾನು, ಪಾಠ ಮುಗಿಸಿದ ಟೀಚರಮ್ಮನ ಹಿಂದೆಯೇ ಹತ್ತಿರದ ಕಟ್ಟಡವೊಂದರ ಮೂರನೇ ಮಹಡಿಯ ಅವರ ಮನೆಗೆ ಹೋಗುತ್ತೇನೆ. ಬೆಳಗ್ಗೆ ಅಣ್ಣನನ್ನು ನೋಡಿಕೊಳ್ಳಲು ಬರುವ ನಾದಿನಿ ಬಾಗಿಲು ತೆಗೆಯುತ್ತಾರೆ. ಕಿಟಕಿಯ ಪಕ್ಕ ಕುಳಿತ ಯಜಮಾನರು ಹೆಂಡತಿಯನ್ನು ನೋಡಿ, ಎದ್ದು ನಿಂತು, “ಬನ್ನಿ ಮೇಡಂ” ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸುಗಳನ್ನು ಕರೆದು ಅಭ್ಯಾಸವಾದದ್ದು. ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

“ಆಸ್ಪತ್ರೆಯಿಂದ ಬಂದಾಗ ಅವರಿಗೆ ಈ ಮನೇಲಿ ಎಲ್ಲವೂ ‘ಎ’ನೇ ಆಗಿತ್ತು” ಎನ್ನುತ್ತಾರೆ ಟೀಚರಮ್ಮ. “ಒಂದು ಕುರ್ಚಿ, ಒಂದು ಕಿಟಕಿ, ಯಾರದ್ದೋ ಮನೆ. ಅದಕ್ಕೇ ಕ್ಲಾಸಲ್ಲಿ ಮಾಡೋದನ್ನೇ ಇಲ್ಲೂ ಶುರು ಮಾಡ್ದೆ. ದಿನಾ ಅದೇ ಲೋಟ ಕೈಗೆ ಕೊಡ್ತಿದ್ದೆ, ಅದೇ ಕುರ್ಚೀಲಿ ಕೂರಿಸ್ತಿದ್ದೆ. ಮೊನ್ನೆ ‘ನನ್ನ ಲೋಟ ಎಲ್ಲಿ?’ ಅಂದ್ರು. ನಾನು ಹೋಟೆಲಿಗೆಲ್ಲ ಡಂಗುರ ಸಾರಿದೆ!”

ಈಗ ಲೋಟ, ಕುರ್ಚಿ, ಕಿಟಕಿ, ಮೊಳೆಗೆ ನೇತುಹಾಕಿದ ಟವೆಲ್ ಎಲ್ಲವೂ ಅವರ ವಶಕ್ಕೆ ಬಂದಿವೆ. ತಂಗಿಯ ಗುರುತು ಒಮ್ಮೊಮ್ಮೆ ಹತ್ತುತ್ತದೆ. ಬಾರದೆ ಉಳಿದಿರುವುದು ಹೆಂಡತಿ ಮಾತ್ರ. ನಾನು ನಿಮ್ಮ ಹೆಂಡತಿ ಎಂದು ನೇರವಾಗಿ ಹೇಳಿಬಿಡಬಾರದೇ ಎಂದು ಕೇಳುತ್ತೇನೆ.

“ಆಸ್ಪತ್ರೇಲೇ ಹೇಳಿದ್ದೆ. ಹೌದಾ ಮೇಡಂ ಅಂದ್ರು” ಎನ್ನುತ್ತಾರೆ. “ದಿನಾ ಹೇಳಿದ್ರೆ ಪಾಠ ಒಪ್ಪಿಸಿದ ಹಾಗೆ ಒಪ್ಪಿಸ್ತಾರೆ. ಅದು ನನಗೆ ಬೇಡ. ಮದುವೆಯಾದಾಗಿಂದ ಒಂದು ದಿನ ಹೆಸರು ಹಿಡಿದು ಕರೆದೋರಲ್ಲ. ‘ಇವಳೇ, ಟೀ ಕೊಡು’, ‘ಇವಳೇ, ಬೀಗ ಎಲ್ಲಿ’. ನನಗೊಂದು ಹೆಸರಿಲ್ವಾ ಅಂತ ಜಗಳ ಆಡ್ತಿದ್ದೆ. ಈಗ ಅದನ್ನೇ ಕೇಳಬೇಕು ಅನ್ಸುತ್ತೆ. ಬೇರೇನೂ ಆಸೆ ಇಲ್ಲ ನನಗೆ.”

ನಾದಿನಿ ಕೊಟ್ಟ ಟೀ ಮುಗಿಯುತ್ತದೆ. ಟೀಚರಮ್ಮ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾರೆ. ನಾನು ಚೀಲ ಹೆಗಲಿಗೇರಿಸಿ ಏಳುತ್ತೇನೆ. ಯಜಮಾನರು ನನ್ನನ್ನು ನೋಡುತ್ತಾರೆ, ತಂಗಿಯನ್ನು ನೋಡುತ್ತಾರೆ, ಕೋಣೆಯ ಸುತ್ತ ಕಣ್ಣಾಡಿಸಿ ಏನನ್ನೋ ಹುಡುಕುತ್ತಾರೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ದನಿ ಎತ್ತುತ್ತಾರೆ.

“ಇವರೇ… ಬಂದೋರು ಹೊರಟ್ರು ನೋಡಿ.”

ಒಳಗೆ ನಲ್ಲಿಯ ಸದ್ದು ನಿಲ್ಲುತ್ತದೆ. ನಾದಿನಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. “ಬಂದೆ” ಎನ್ನುತ್ತಾ ಟೀಚರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಬರುತ್ತಾರೆ.

ನನ್ನನ್ನು ಕಳಿಸಲು ಮೆಟ್ಟಿಲವರೆಗೆ ಬಂದ ಟೀಚರಮ್ಮನ ಕಣ್ಣು ತುಂಬಿದೆ, ಮುಖದಲ್ಲಿ ನಗು ಹಿಡಿಸುತ್ತಿಲ್ಲ.

“ಕೇಳಿಸ್ಕೊಂಡ್ರಲ್ಲ? ಮೇಡಂ ಹೋಯ್ತು. ಮರ್ಯಾದೆ ಇನ್ನೂ ಒಂಚೂರು ಜಾಸ್ತಿನೇ ಇದೆ. ಇರಲಿ ಬಿಡಿ, ಅದನ್ನ ನಾನು ಇಳಿಸ್ಕೋತೀನಿ.”