ಓಟಿನ ಮೇಜಿಗೊಂದು ಕ್ಯಾಮೆರಾ

ಸಹಕಾರನಗರದ ಒಂದು ಅಪಾರ್ಟ್‌ಮೆಂಟಿಗೆ ಸಿಸಿ ಕ್ಯಾಮೆರಾ ಹಾಕೋಕೆ ಹೋಗಿದ್ದೆ. ಮಾರನೇ ದಿನ ಅಲ್ಲಿ ಸಂಘದ ಚುನಾವಣೆ. ಎರಡು ಸಲ ಭಾರಿ ಬಹುಮತದಿಂದ ಗೆದ್ದಿದ್ದ ಅಧ್ಯಕ್ಷರೇ ಬಂದು, ಓಟಿನ ಚೀಟಿಗೆ ಗುರುತು ಹಾಕುವ ಮೇಜಿನ ಕಡೆಗೇ ಮುಖ ಮಾಡಿ ಒಂದು ಹಾಕಿ ಅಂದರು.

“ಸರ್, ಯಾರು ಯಾರಿಗೆ ಹಾಕಿದ್ರು ಅಂತ ಕಾಣುತ್ತೆ.”

“ಕಾಣ್ಲಿ ಬಿಡ್ರೀ. ಹೆಚ್ಚುಕಡಿಮೆ ಎಲ್ರೂ ನಂಗೇ ಹಾಕೋದು. ಮುಚ್ಚಿಡೋಕೆ ಏನಿದೆ?”

ಏಣಿ ಹತ್ತಿ ಹಾಕಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಅವರು ಅತ್ತ ಹೋದಮೇಲೆ ಅದನ್ನು ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದೆ. ಅಲ್ಲೇ ಪೇಪರ್ ಓದುತ್ತಾ ಕೂತಿದ್ದ ಎರಡನೇ ಮಹಡಿಯ ಅಜ್ಜಿ ಎದ್ದು ಬಂದರು. ಶಹಬ್ಬಾಸ್ ಅಂತಾರೆ ಅಂದುಕೊಂಡೆ.

“ಮೇಜಿನ ಕಡೆಗೇ ಇರ್ಲಪ್ಪಾ.”

“ಯಾಕಮ್ಮಾ, ಇದು ದಬ್ಬಾಳಿಕೆ ಅನ್ಸಲ್ವಾ ನಿಮ್ಗೆ?”

“ದಬ್ಬಾಳಿಕೆನಾ? ನಾವೇ ಆರಿಸಿದ ಮನುಷ್ಯ ಕಣಪ್ಪಾ! ಎರಡು ಹೊತ್ತು ನೀರು ಬರೋ ಹಾಗೆ ಮಾಡಿದ್ದೇ ಅವರು. ನನ್ ಓಟೂ ಅವರಿಗೇ.” ಆಮೇಲೆ ದನಿ ತಗ್ಗಿಸಿದರು. “ಅದು ಅವರಿಗೆ ಕಾಣ್ಬೇಕಲ್ಲ. ಹಾಕಿಲ್ಲ ಅಂದ್ಕೊಂಡ್ಬಿಟ್ರೆ?”

ಮತ್ತೆ ಏಣಿ ಹತ್ತಿದೆ. ಅಧ್ಯಕ್ಷರು ಒಂದೇ ಸಲ ಹೇಳಿ ಹೋಗಿದ್ದರು. ಅಜ್ಜಿ ಮಾತ್ರ, ಮೇಜು ಸರಿಯಾಗಿ ಕಾಣೋವರೆಗೂ ಏಣಿ ಹಿಡಿದುಕೊಂಡೇ ನಿಂತಿದ್ದರು.