ಕೀಲಿ ತಿರುಗಿಸದ ಕೈ

ಬೆಳಗಿನ ಆರು ಗಂಟೆ. ಗ್ಯಾರೇಜಿನ ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಬ್ಯಾಟರಿಗೆ ತಾಗಿ ಕಿಡಿ ಹಾರದಿರಲೆಂದು ಆಕೆ ಬೆರಳಿನ ಉಂಗುರ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಾಳೆ. ಬಿಸಿನೀರಿನ ಡಬ್ಬಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಕದಡುತ್ತಾಳೆ. ಬ್ಯಾಟರಿಯಿಂದ ಬಿಚ್ಚಿದ ಕೇಬಲ್ ತುದಿಗಳನ್ನು ಅದರಲ್ಲಿ ಅದ್ದಿದೊಡನೆ, ಬೂಷ್ಟಿನಂತೆ ಬೆಳೆದಿದ್ದ ಹಸಿರು ಪುಡಿ ಬುಸಬುಸನೆ ನೊರೆಯಾಗಿ ಏಳುತ್ತದೆ. ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾಳೆ, ಒರೆಸುತ್ತಾಳೆ, ಬೆಳಕಿಗೆ ಹಿಡಿದು ನೋಡುತ್ತಾಳೆ, ಮತ್ತೆ ತಿಕ್ಕುತ್ತಾಳೆ.

ಎದುರಿಗೆ ನಿಂತಿರುವುದು ಕೆಂಪು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಅದರ ಬ್ಯಾಟರಿ ಎಲ್ಲಿದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಮುಂದಿನ ಬಾನೆಟ್ ಎತ್ತುತ್ತಾರೆ. ಇರುವುದು ಸೀಟಿನ ಹಿಂದೆ, ನೆಲಹಾಸಿನ ಕೆಳಗೆ, ತಗಡಿನ ಮುಚ್ಚಳದ ಅಡಿಯ ಕುಳಿಗಳಲ್ಲಿ. ಒಂದಲ್ಲ, ಎರಡು, ಆರಾರು ವೋಲ್ಟಿನವು. ಅಲ್ಲಿಂದ ಹೊರಟ ಹೆಬ್ಬೆರಳು ಗಾತ್ರದ ಕೇಬಲ್ ಕಾರಿನ ಹೊಟ್ಟೆಯಡಿಗೆ ಹರಿದು ಎಂಜಿನ್ ಮುಟ್ಟುತ್ತದೆ. ಕುಳಿಯ ಸಂದಿ ಎಷ್ಟು ಕಿರಿದೆಂದರೆ ಗ್ಯಾರೇಜಿನ ಯಾವ ಗಂಡಸಿನ ಕೈಯೂ ಮೊಣಕೈ ದಾಟಿ ಒಳಗೆ ಹೋಗುವುದಿಲ್ಲ. ಇವಳದು ಭುಜದವರೆಗೂ ಹೋಗುತ್ತದೆ. ಅದಕ್ಕೇ ಇಲ್ಲಿ ಎಲ್ಲರಿಗೂ ಅವಳು ಸಣ್ಣಕೈ.

ಹದಿನಾಲ್ಕು ವರ್ಷದ ಹಿಂದೆ ಹೊಲಿಗೆ ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತಿದ್ದಳು. ಒಂದು ದಿನ ಸೋದರಮಾವನಿಗೆ ಊಟದ ಡಬ್ಬಿ ತಂದಾಗ ಗ್ಯಾರೇಜಿನಲ್ಲಿ ಮೂವರು ಗಂಡಸರು ಕುಳಿಗೆ ಬಿದ್ದ ನಟ್ಟಿಗಾಗಿ ಅಯಸ್ಕಾಂತ, ಕಂಬಿ, ಬೈಗುಳ ಎಲ್ಲ ಬಳಸಿ ಸೋತಿದ್ದರು. ಡಬ್ಬಿ ಕೆಳಗಿಟ್ಟು ಕೈ ಹಾಕಿ ತೆಗೆದುಕೊಟ್ಟಳು. ನಾಳೆಯಿಂದ ಬಾ ಅಂದರು ಮಾವ. ಗ್ಯಾರೇಜು ಅವರದೇ.

ಈಗ ವಾರಕ್ಕೆ ನಾಲ್ಕೈದು ಹಳೆಯ ಕಾರುಗಳು ಅವಳ ಕೈಯಿಂದ ಹಾದುಹೋಗುತ್ತವೆ. ಒಂದೊಂದು ಬ್ಯಾಟರಿ ಹದಿಮೂರು ಕಿಲೋ. ಸೀಟಿನ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು ಎತ್ತಬೇಕು. ಆಸಿಡ್ ತಾಗಿ ಅಂಗಿಯ ತೋಳುಗಳೆಲ್ಲ ತೂತು. ಕೇಬಲ್ ಅವಳೇ ತಯಾರಿಸುತ್ತಾಳೆ: ಅಳೆದು ಕತ್ತರಿಸಿ, ತುದಿಯ ರಬ್ಬರ್ ಸುಲಿದು, ತಾಮ್ರದ ಎಳೆಗಳಿಗೆ ಲೋಹದ ತೊಡುಗೆ ತೊಡಿಸಿ ಉದ್ದ ಹಿಡಿಕೆಯ ಇಕ್ಕಳದಿಂದ ಒತ್ತುತ್ತಾಳೆ. ಆಮೇಲೆ ಅದನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ತಾನೇ ಜೋತುಬೀಳುತ್ತಾಳೆ. ಅವಳ ಐವತ್ತೊಂದು ಕಿಲೋ ತಡೆದರೆ ಮಾತ್ರ ಕೇಬಲ್ ಪಾಸು. ಊಟ ಬಿಡಬೇಡ ಅಮ್ಮ, ಪರೀಕ್ಷೆ ಸಡಿಲ ಆಗುತ್ತೆ ಎಂದು ಮಗಳು ಛೇಡಿಸುತ್ತಾಳಂತೆ. ಶಾಲೆಯ ಅರ್ಜಿಯಲ್ಲಿ ತಾಯಿಯ ಕೆಲಸ ಎಂಬಲ್ಲಿ ಇವಳು ‘ಮನೆಗೆಲಸ’ ಎಂದು ಬರೆದಿದ್ದನ್ನು ಹೊಡೆದುಹಾಕಿ ‘ಬ್ಯಾಟರಿ ಕೆಲಸ’ ಎಂದು ಬರೆದವಳೂ ಅದೇ ಮಗಳು.

ಇಷ್ಟಾದರೂ ಅವಳು ಇಲ್ಲಿ ಒಂದು ಕೆಲಸ ಮಾಡುವಂತಿಲ್ಲ. ತಾನು ದುರಸ್ತಿ ಮಾಡಿದ ಕಾರಿನ ಕೀಲಿ ತಿರುಗಿಸುವಂತಿಲ್ಲ. ಅದಕ್ಕೊಂದು ಕಥೆಯಿದೆ. ಅದನ್ನು ಅವಳು ಮುಚ್ಚಿಡುವುದಿಲ್ಲ.

ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸುತ್ತಾರೆ. ಹಳೆಯ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಉಲ್ಟಾ. ಮೈಗೆ ಹೋಗುವುದು ಪ್ಲಸ್. ಕೆಲಸಕ್ಕೆ ಸೇರಿದ ಮೂರನೇ ವರ್ಷ ಅಂಥ ಒಂದು ಕಾರಿಗೆ ಅವಳು ಕೇಬಲ್ ಬಣ್ಣ ನೋಡಿ ಜೋಡಿಸಿಬಿಟ್ಟಳು. ಕರಿಯದು ಮೈನಸ್ಸೆಂದು ಮೈಗೆ, ಕೆಂಪು ಪ್ಲಸ್ಸೆಂದು ಎಂಜಿನ್ನಿಗೆ.

“ಕೀಲಿ ನಾನೇ ತಿರುಗಿಸಿದ್ದೆ. ಗಾಡಿ ಚೆನ್ನಾಗೇ ಸ್ಟಾರ್ಟ್ ಆಯ್ತು. ನಾನು ಹಲ್ಲು ಕಿರಿದುಕೊಂಡು ಕೂತಿದ್ದೆ, ರೇಡಿಯೋದಿಂದ ಹೊಗೆ ಬಂತು. ತಪ್ಪು ನಂದೇ. ಬಣ್ಣ ಯಾರು ಬೇಕಾದ್ರೂ ಹಾಕಿರ್ತಾರೆ, ಅದನ್ನ ನಂಬಬಾರದಿತ್ತು. ತಂತಿ ಹಿಡ್ಕೊಂಡು ಅದರ ಕೊನೆ ತನಕ ಹೋಗಬೇಕಿತ್ತು.”

ಅವತ್ತು ಮಾವ ಬೈಯಲಿಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಕೇಬಲ್ ನಿಂದು, ಕೀಲಿ ನಂದು ಅಂದರು. ಹನ್ನೊಂದು ವರ್ಷವಾಯಿತು. ಅಂದಿನಿಂದ ಪ್ರತಿ ತಂತಿಯನ್ನೂ ತುದಿಯಿಂದ ತುದಿಗೆ ಬೆರಳಲ್ಲಿ ಹಿಡಿದು ಹೋಗುತ್ತಾಳೆ. ಅಂಥ ಉಲ್ಟಾ ಕಾರಾದರೆ, ಮುಂದೆ ಮುಚ್ಚಳ ತೆರೆಯುವವರಿಗೆ ತಿಳಿಯಲೆಂದು ಅದರ ಒಳಮೈಯಲ್ಲಿ ‘ಪ್ಲಸ್ ಮೈಗೆ’ ಎಂದು ಬರೆದಿಡುತ್ತಾಳೆ. ಎರಡನೇ ತಪ್ಪು ಇವತ್ತಿನವರೆಗೂ ಆಗಿಲ್ಲ. ಆದರೆ ಎಂಜಿನ್ ಗುಡುಗಿದಾಗ ಕಾರಿನ ಯಜಮಾನರು ಕೈ ಕುಲುಕುವುದು ಕೀಲಿ ತಿರುಗಿಸಿದವರದು. ಸೀಟಿನ ಹಿಂದೆ ಕವುಚಿಕೊಂಡವಳ ಬೆನ್ನು ಅವರಿಗೆ ಕಾಣುವುದೇ ಇಲ್ಲ.

ಏಳು ಗಂಟೆಗೆ ಕೆಂಪು ಕಾರಿನ ಒಡೆಯರು ಬರುತ್ತಾರೆ. ನಿವೃತ್ತ ಹಲ್ಲಿನ ಡಾಕ್ಟರು. ಒಂಬತ್ತಕ್ಕೆ ಹಳೆಯ ಕಾರುಗಳ ಮೆರವಣಿಗೆ. ಇವರ ಕಾರು ಮಾತ್ರ ತಿಂಗಳಲ್ಲಿ ಮೂರು ಸಲ ನಡುರಸ್ತೆಯಲ್ಲಿ ಕೈಕೊಟ್ಟಿದೆ. ಬೇರೆ ಎರಡು ಗ್ಯಾರೇಜಿನವರು ಬ್ಯಾಟರಿ ಬದಲಿಸಿದ್ದಾರೆ, ಸ್ಟಾರ್ಟರ್ ಮೋಟಾರೂ ಬದಲಿಸಿದ್ದಾರೆ. ತೊಳೆದ ತುದಿಗಳನ್ನು ಜೋಡಿಸಿದ ಮೇಲೆ ಮಾವ ಕೀಲಿ ತಿರುಗಿಸುತ್ತಾರೆ. ಎಂಜಿನ್ ಮುದಿ ನಾಯಿಯಂತೆ ನರಳಿ ಸುಮ್ಮನಾಗುತ್ತದೆ. ಹೊಸ ಸ್ಟಾರ್ಟರೇ ದಂಡ ಅನ್ನುತ್ತಾರೆ ಮಾವ.

ಅವಳು ಆಗಲೇ ಕಾರಿನಡಿ ನುಸುಳಿದ್ದಾಳೆ. ಮುಂಗೈಯನ್ನು ಕೇಬಲ್ಲಿನ ಉದ್ದಕ್ಕೂ ತಾಗಿಸುತ್ತಾ ಹೋಗುತ್ತಾಳೆ, ಮಗುವಿನ ಜ್ವರ ನೋಡುವ ಹಾಗೆ. ಕರೆಂಟು ಹರಿಯಲು ತಿಣುಕಾಡುವ ಕಡೆ ಕೇಬಲ್ ಬಿಸಿಯಾಗುತ್ತದೆ. ಒಂದು ಕಡೆ ಕೈ ನಿಲ್ಲುತ್ತದೆ.

“ಇಲ್ಲಿ ಸುಡ್ತಾ ಇದೆ ಮಾವ. ಸ್ಟಾರ್ಟರ್ ಪಾಪ ಏನೂ ಮಾಡಿಲ್ಲ.”

ಬ್ಯಾಟರಿಯಿಂದ ಬಿಚ್ಚಿ, ಆ ಜಾಗ ಕತ್ತರಿಸಿ ತೋರಿಸುತ್ತಾಳೆ. ಮೇಲಿನ ರಬ್ಬರ್ ನೋಡಿದರೆ ನಿನ್ನೆ ಮೊನ್ನೆಯದೆನ್ನಬೇಕು. ಒಳಗಿನ ತಾಮ್ರ ಮಾತ್ರ ಹಸಿರುಗಪ್ಪು ಪುಡಿಯಾಗಿ ಅಂಗೈಗೆ ಉದುರುತ್ತದೆ. ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡುತ್ತಾರೆ.

“ಮೇಲೆ ಹೊಳಪು, ಒಳಗೆ ಹುಳುಕು. ನಲವತ್ತು ವರ್ಷ ಇಂಥ ಹಲ್ಲು ಕಿತ್ತಿದ್ದೀನಮ್ಮ, ನನಗೇ ಗೊತ್ತಾಗ್ಲಿಲ್ಲ ನೋಡು” ಎಂದು ನಗುತ್ತಾರೆ. ಮಾವ ನಗುವುದಿಲ್ಲ. ಕತ್ತರಿಸಿದ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಲ್ಲುತ್ತಾರೆ.

ಮುಕ್ಕಾಲು ಗಂಟೆಯಲ್ಲಿ ಹೊಸ ಕೇಬಲ್ ಸಿದ್ಧ. ಕೊಕ್ಕೆಗೆ ಜೋತುಬಿದ್ದು ಎರಡು ಸಲ ಜೀಕುತ್ತಾಳೆ, ಜಗ್ಗುವುದಿಲ್ಲ. ಕಾರಿನಡಿ ಹಾಯಿಸಿ, ಎಂಜಿನ್ನಿನ ಕಡೆ ಬಿಗಿದು, ಬೆರಳಲ್ಲಿ ಹಿಡಿದು ಹಿಂದಿರುಗುತ್ತಾಳೆ. ಮೈಗೆ ಹೋಗುವ ತಂತಿಯನ್ನು ಎಂದಿನಂತೆ ಎಲ್ಲಕ್ಕಿಂತ ಕೊನೆಗೆ ಜೋಡಿಸುತ್ತಾಳೆ. ಇದೂ ಉಲ್ಟಾ ಕಾರೇ, ಮುಚ್ಚಳದ ಒಳಗೆ ‘ಪ್ಲಸ್ ಮೈಗೆ’ ಎಂದು ಬರೆಯುತ್ತಾಳೆ. ಏನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾಳೆ:

“ನಾನು ಕಟ್ಟಿದ್ದು ಎದ್ದು ಕೂಗೋದನ್ನ ಕೀಲಿ ಹಿಡಿದ ಕೈಯಲ್ಲೇ ಕೇಳಬೇಕು. ಆ ಅದುರು ಇಲ್ಲೀ ತನಕ ಬರುತ್ತೆ.” ಮೊಣಕೈ ತೋರಿಸುತ್ತಾಳೆ. “ಒಂದೇ ಸಲ ಗೊತ್ತು ನಂಗೆ. ಅವತ್ತು ಹೊಗೆ ಬಂದಿತ್ತು.”

ಎಂಟೂವರೆ. ಡಾಕ್ಟರು ಕಾರಿನ ಪಕ್ಕ ನಿಂತು ಗಡಿಯಾರ ನೋಡುತ್ತಾರೆ. ಮಾವ ಜೇಬಿನಿಂದ ಕೀಲಿ ತೆಗೆದು ಬಾಗಿಲ ಕಡೆ ಬರುತ್ತಾರೆ. ಅಲ್ಲಿ ಅವಳು ಮೊದಲೇ ಬಂದು ನಿಂತಿದ್ದಾಳೆ. ಉಂಗುರ ಇನ್ನೂ ಮೊಳೆಯಲ್ಲೇ ಇದೆ. ಗ್ರೀಸು ಮೆತ್ತಿದ ಸಣ್ಣ ಕೈಯನ್ನು ಅವರ ಮುಂದೆ ಬಿಡಿಸಿ ಹಿಡಿಯುತ್ತಾಳೆ.

“ಮಾವ, ಇವತ್ತು ಕೀಲಿ ನಂಗೆ ಕೊಡಿ.”

ಡಾಕ್ಟರು ಮಾವನನ್ನು ನೋಡುತ್ತಾರೆ. ಮಾವ ಮುಷ್ಟಿಯೊಳಗಿನ ಕೀಲಿಯನ್ನು ನೋಡುತ್ತಾರೆ. ಚಾಚಿದ ಕೈ ಚಾಚಿದಂತೆಯೇ ಇದೆ.