ಉಪ್ಪಾಗದ ಬಾವಿ

ಕುಸುಮಕ್ಕ, ನಮ್ಮ ಬಾವಿಯ ನೀರು ಉಪ್ಪಾಗಿರಲಿಲ್ಲ. ಆ ವರ್ಷವೂ ಇಲ್ಲ, ಆಮೇಲಿನ ಯಾವ ಬೇಸಗೆಯಲ್ಲೂ ಇಲ್ಲ. ನಾನು ನಿಮಗೆ ಸುಳ್ಳು ಹೇಳಿದೆ.

ಬರೆದು ನೋಡಿದರೆ ವಿಷಯ ಇಷ್ಟೇ. ಪಕ್ಕದ ಮನೆಯವರಾದ ನಿಮಗೆ ಇದನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು — ನನಗೇ ಅರ್ಥವಾಗುತ್ತಿಲ್ಲ.

ನಾವು ರಾಜಸ್ಥಾನದಿಂದ ಈ ಗಡಿನಾಡಿನ ಮಂಗಲ್ಪಾಡಿಗೆ ಬಂದು ಆಗ ಕೆಲವೇ ತಿಂಗಳಾಗಿತ್ತು. ನಮ್ಮವರು ಅಲ್ಲಿನ ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ, ಸಮುದ್ರದ ಗಾಳಿ ಬೀಸುವ ಕಡೆ ಇರೋಣವೆಂದು ಈ ಮನೆ ಕೊಂಡೆವು. ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಅಂಗಡಿಗೆ ಹೋದರೆ ನಾಲಗೆಗೆ ಮೊದಲು ಹಿಂದಿ ಬರುತ್ತಿತ್ತು, ಆಮೇಲೆ ಮನೆಮಾತು ಕೊಂಕಣಿ, ಕೊನೆಗೆ ಕನ್ನಡ. ಅಷ್ಟರಲ್ಲಿ ಅಂಗಡಿಯವನು ಮಲಯಾಳದಲ್ಲಿ ಉತ್ತರ ಕೊಟ್ಟಾಗಿರುತ್ತಿತ್ತು. ಬೆಳಿಗ್ಗೆ ಎದ್ದರೆ ಬಾಗಿಲು ಯಾವ ಕಡೆ ಎಂದು ತಡಕಾಡುತ್ತಿದ್ದೆ. ಬಾವಿಯೊಂದನ್ನು ಮಾತ್ರ ಗಟ್ಟಿಯಾಗಿ ನನ್ನದೆಂದುಕೊಂಡಿದ್ದೆ. ಅಲ್ಲಿ ಕಾರ್ಖಾನೆಯ ಕಾಲೊನಿಯಲ್ಲಿ ಟ್ಯಾಂಕರ್ ನೀರಿಗಾಗಿ ಜಗಳವಾಡಿ, ಡ್ರಮ್ಮಿಗೆ ಬೀಗ ಹಾಕಿ ಮಲಗಿದವಳು ನಾನು. ಇಲ್ಲಿ ದಿನಕ್ಕೆ ಹತ್ತು ಸಲ ಬಾವಿಗೆ ಬಗ್ಗಿ ನೋಡುತ್ತಿದ್ದೆ. ಅದನ್ನು ಯಾರೂ ಕದ್ದುಕೊಂಡು ಹೋಗುವುದಿಲ್ಲ ಮಾರಾಯ್ತಿ, ಎಂದು ನಮ್ಮವರು ನಗುತ್ತಿದ್ದರು.

ಆಗ ನೀವು ಬಂದಿರಿ, ಸೊಂಟದಲ್ಲಿ ಕೊಡ ಇಟ್ಟುಕೊಂಡು. ನಮ್ಮಿಬ್ಬರ ಮನೆಗಳ ನಡುವಿನ ಕೆಂಪುಕಲ್ಲಿನ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಜಾಗ ಯಾಕೆ ಬಿಟ್ಟಿದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು. ಬೇಸಗೆಯಲ್ಲಿ ನಿಮ್ಮ ಬಾವಿ ಉಪ್ಪಾಗುತ್ತದೆ, ಮಳೆ ಬರುವವರೆಗೆ ಕುಡಿಯುವ ನೀರನ್ನು ಈ ಮನೆಯಿಂದ ಸೇದಿಕೊಂಡು ಹೋಗುವುದು ಹಿಂದಿನವರ ಕಾಲದಿಂದಲೂ ರೂಢಿ ಎಂದಿರಿ. ನಾನು ಯೋಚಿಸಲೂ ಇಲ್ಲ.

“ನಮ್ಮದೂ ಉಪ್ಪಾಗಿದೆ,” ಎಂದುಬಿಟ್ಟೆ.

ನೀವು ನನ್ನನ್ನೊಮ್ಮೆ ನೋಡಿದಿರಿ, ಬಾವಿಯನ್ನೊಮ್ಮೆ. “ಈ ಬಾವಿ ಉಪ್ಪಾದ್ದು ನಾನು ಕಂಡದ್ದಿಲ್ಲ ಐರಿನ್ ಬಾಯಿ,” ಎಂದಿರಿ. ಆಮೇಲೆ — “ಹಾಗಾದ್ರೆ ನೀವು ಕುಡೀಲಿಕ್ಕೆ ಎಂತ ಮಾಡ್ತೀರಿ?”

ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಒಂದು ಕೊಡ ನೀರು. ರೈಲು ಹಳಿಯ ಆಚೆ ನಿಮ್ಮ ತಂಗಿಯ ಮನೆಯಿಂದ ಹೊತ್ತು ತಂದದ್ದು. ನಾವು ಹೊಸಬರು, ಒಳ್ಳೆಯ ನೀರು ಎಲ್ಲಿ ಸಿಗುತ್ತದೆಂದು ಪಾಪ ಗೊತ್ತಿರಲಿಕ್ಕಿಲ್ಲ ಎಂದು ನಮ್ಮವರ ಹತ್ತಿರ ಹೇಳಿ ಹೋಗಿದ್ದಿರಿ. ಅವರು ಒಳಗೆ ಬಂದು ನನ್ನ ಮುಖ ನೋಡಿದರು. ಆ ನೀರನ್ನು ನಾನು ಬಸಳೆಯ ಬುಡಕ್ಕೆ ಸುರಿದೆ — ಇದನ್ನೂ ಹೇಳಲೇಬೇಕು. ಮರುದಿನವೂ ನೀವು ತಂದಿರಿ; ಸುರಿಯಲು ಕೈ ಬರಲಿಲ್ಲ, ಕುಡಿದೆವು. ಅಂಗಳದಲ್ಲಿ ಸಿಹಿನೀರಿನ ಬಾವಿ ಇಟ್ಟುಕೊಂಡು, ಮಳೆ ಬರುವವರೆಗೂ ನಿಮ್ಮ ನೀರು ಕುಡಿದೆವು. ಮರುವರ್ಷವೂ. ಅದರ ಮರುವರ್ಷವೂ. ನೀವು ಬಾವಿಯ ಸುದ್ದಿ ಎತ್ತಲಿಲ್ಲ. ನಾನು ಹೇಳಲಿಲ್ಲ.

ನಿಮಗೆ ಗೊತ್ತಿತ್ತೇ? ಅಷ್ಟು ವರ್ಷ ಈ ಬಾವಿಯಿಂದ ಸೇದಿದವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ತಂದಿರೇ — ಇವಳೇ ಒಂದು ದಿನ ಹೇಳಲಿ ಎಂದು? ಅಥವಾ ನನ್ನ ಮಾತನ್ನು ನಂಬಿಯೇ... ಯಾವುದು ನನಗೆ ಹೆಚ್ಚು ನಾಚಿಕೆಗೇಡು ಎಂದು ತಿಳಿಯದೆ ತಲೆ ಕೆಟ್ಟುಹೋಗಿದೆ. ಟ್ಯಾಂಕರಿನ ಕಥೆಯನ್ನು ನೆಪವಾಗಿ ಹೇಳಿದ್ದಲ್ಲ. ಅಲ್ಲಿಯೂ ಜನ ಒಬ್ಬರಿಗೊಬ್ಬರು ನೀರು ಕೊಡುತ್ತಿದ್ದರು. ನಾನು ಕೊಡಲಿಲ್ಲ, ಅಷ್ಟೆ.

ಇವತ್ತು ಬೆಳಿಗ್ಗೆ ನೀವು ಗೋಡೆ ಹಿಡಿದುಕೊಂಡು ಬಂದಿರಿ. ಮೊಣಕಾಲು ಬಾತುಕೊಂಡಿತ್ತು.

“ಇವತ್ತು ಅರ್ಧ ಕೊಡವೇ ತರ್ಲಿಕ್ಕಾದ್ದು ಐರಿನ್ ಬಾಯಿ. ಬೇಜಾರು ಮಾಡ್ಬೇಡಿ,” ಎಂದಿರಿ.

ನನ್ನ ಹತ್ತಿರ, ಕುಸುಮಕ್ಕ — ಬೇಜಾರು ಮಾಡಬೇಡಿ ಎಂದು ನೀವು ನನ್ನ ಹತ್ತಿರ ಹೇಳಿದಿರಿ.

ನಾಳೆ ನೀವು ನೀರಿಗೆ ಹೊರಡುವ ಮೊದಲೇ ನಮ್ಮ ಬಾವಿಯಿಂದ ಕೊಡ ತುಂಬಿಸಿ, ಗೋಡೆಯ ಆ ಸಂದಿಯಿಂದಲೇ ಬರುತ್ತೇನೆ. ಒಂದು ಲೋಟ ಕುಡಿದು ನೋಡಿ. ಆಮೇಲೆ ಬೈಯಿರಿ, ಬಾಗಿಲು ಹಾಕಿಕೊಳ್ಳಿ, ನಿಮ್ಮಿಷ್ಟ. “ನನಗೆ ಮೊದಲೇ ಗೊತ್ತುಂಟು” ಎಂದು ನೀವು ನಕ್ಕುಬಿಟ್ಟರೆ ಏನು ಮಾಡಬೇಕೆಂದು ಮಾತ್ರ ನನಗೆ ಹೊಳೆಯುತ್ತಿಲ್ಲ. ನೀವು ತಂದ ಅರ್ಧ ಕೊಡ ಅಡುಗೆಮನೆಯಲ್ಲಿ ಹಾಗೆಯೇ ಇದೆ. ಇವತ್ತು ಅದರಿಂದ ಒಂದು ಗುಟುಕೂ ಕುಡಿಯಲು ನನ್ನಿಂದ ಆಗಲಿಲ್ಲ.